ಸಹಪಾಠಿಗಳ ಕಥೆಗೆ ಅಭಿಪ್ರಾಯ: ‘ಚೆನ್ನಾಗಿದೆ’ ಬಿಟ್ಟು ಇನ್ನೇನು ಬರೆಯಬೇಕು?

ಖಾಲಿಹಾಳೆ:
ತರಗತಿಯ ಕಥಾ ಪ್ರಾಜೆಕ್ಟಿನಲ್ಲಿ ಒಬ್ಬೊಬ್ಬರೂ ಮೂವರ ಕೆಲಸಕ್ಕೆ ಅಭಿಪ್ರಾಯ ಕೊಡಬೇಕು. ನನ್ನ ಪಾಲಿಗೆ ಬಂದದ್ದು ಎರಡು ಬರೆದ ಕಥೆ, ಚಿತ್ರಕ್ಕೆ ಧ್ವನಿ ಸೇರಿಸಿದ ಎರಡೂವರೆ ನಿಮಿಷದ ಒಂದು ವಿಡಿಯೋ. ಬರೀ ಹೊಗಳಿದರೆ ಉಪಯೋಗವಿಲ್ಲ, ತಪ್ಪನ್ನೇ ಎತ್ತಿದರೆ ಮನಸ್ಸು ಮುರಿಯುತ್ತದೆ. ಎಷ್ಟು ಹೇಳಬೇಕು, ಯಾವುದನ್ನು ಮೊದಲು?

ಕರಡುಪ್ರತಿ:
ಎರಡು ಸಲ ಓದಿ. ಮೊದಲ ಓದಿನಲ್ಲಿ ಪೆನ್ನು ಮುಟ್ಟಬೇಡಿ. ಎರಡನೆಯದರಲ್ಲಿ ಅಂಚಿಗೆ ಮೂರೇ ಗುರುತು: ಹಿಡಿದು ನಿಲ್ಲಿಸಿದ ಕಡೆ ಗೆರೆ, ಗೊಂದಲವಾದ ಕಡೆ ಪ್ರಶ್ನೆ ಚಿಹ್ನೆ, ಗಮನ ಜಾರಿದ ಕಡೆ ಅಡ್ಡಗೀಟು.

ಆಮೇಲೆ ಬರೆಯುವಾಗ ತೀರ್ಪು ಕೊಡಬೇಡಿ. ಓದುತ್ತಾ ನಿಮಗೇನಾಯಿತು ಅನ್ನುವುದನ್ನು ಸಾಲು ತೋರಿಸಿ ಹೇಳಿ. “ಪಾತ್ರ ಸಪ್ಪೆ” ಅಂದರೆ ಬರೆದವರಿಗೆ ಏನೂ ತೋಚುವುದಿಲ್ಲ. “ಎರಡನೇ ಪುಟದಲ್ಲಿ ತಮ್ಮ ಮನೆ ಬಿಟ್ಟ. ಯಾಕೆ ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ, ಅದಕ್ಕೇ ಅವನು ವಾಪಸ್ ಬಂದಾಗ ನನಗೆ ಏನೂ ಅನ್ನಿಸಲಿಲ್ಲ” ಅಂದರೆ ಎಲ್ಲಿ ಕೈಹಾಕಬೇಕು ಅಂತ ಅವರಿಗೇ ಹೊಳೆಯುತ್ತದೆ. ಪರಿಹಾರ ಅವರದೇ ಆಗಿರಲಿ. ಹೊಗಳಿಕೆಗೂ ಸಾಲು ತೋರಿಸಿ, ಇಲ್ಲದಿದ್ದರೆ ತಿದ್ದುವಾಗ ಆ ಒಳ್ಳೇ ಸಾಲೇ ಹಾರಿಹೋಗುತ್ತದೆ.

ಉಳಿಸಬೇಕಾದ್ದು ಎರಡು, ತಿದ್ದಬೇಕಾದ್ದು ಎರಡು, ಅಷ್ಟೇ ಸಾಕು. ಹನ್ನೆರಡು ಪಟ್ಟಿ ಮಾಡಿದರೆ ಸುಲಭದ ಕಾಗುಣಿತ ತಿದ್ದಿ, ದೊಡ್ಡದನ್ನು ಹಾಗೇ ಬಿಡುತ್ತಾರೆ. ಮೊದಲ ಕರಡಿನಲ್ಲಂತೂ ಕಾಗುಣಿತದ ಮಾತೇ ಬೇಡ. ಆ ಪ್ಯಾರಾ ಮುಂದಿನ ಕರಡಿನಲ್ಲಿ ಇರುತ್ತದೋ ಇಲ್ಲವೋ!

ಅಲ್ಪವಿರಾಮ:
ಹೊಸದಾಗಿ ಬರೆಯುವವರಲ್ಲಿ ಹೆಚ್ಚಾಗಿ ಎಡವುವ ಜಾಗಗಳಿವೆ, ಅಲ್ಲಿ ನಿಧಾನಿಸಿ ಓದಿ. ಒಂದು ಆರಂಭ. ಮೊದಲ ಎರಡು ಪ್ಯಾರಾವನ್ನು ಕೈಯಿಂದ ಮುಚ್ಚಿ ಮೂರನೆಯದರಿಂದ ಓದಿ ನೋಡಿ. ಏನೂ ಕಳೆದುಹೋದಂತೆ ಅನ್ನಿಸದಿದ್ದರೆ ಕಥೆ ಶುರುವಾಗುವುದೇ ಅಲ್ಲಿ. ಇನ್ನೊಂದು, ಒಂದೇ ಭಾವನೆಯನ್ನು ಎರಡು ಸಲ ಹೇಳುವುದು:

“ಅವಳಿಗೆ ತುಂಬಾ ದುಃಖವಾಯಿತು. ತಣ್ಣಗಾದ ಲೋಟದ ಅಂಚನ್ನು ಬೆರಳಿನಿಂದ ಸವರುತ್ತಾ ಕೂತಳು.”

ಎರಡನೇ ವಾಕ್ಯಕ್ಕೆ ಸಾಕಷ್ಟು ಶಕ್ತಿಯಿದೆ, ಮೊದಲನೆಯದು ಅದನ್ನು ಮುಂಚೆಯೇ ಒಡೆದು ಹೇಳಿಬಿಡುತ್ತದೆ. ಇಂಥ ಕಡೆ “ಮೊದಲ ವಾಕ್ಯ ತೆಗೆ” ಅನ್ನುವ ಬದಲು “ಲೋಟದ ಸಾಲಿನಲ್ಲೇ ನನಗೆ ದುಃಖ ತಟ್ಟಿತು” ಅನ್ನಿ. ಕೊನೆಯ ಪ್ಯಾರಾದಲ್ಲಿ ಕಥೆಯ ಅರ್ಥ ಬಿಡಿಸಿ ಹೇಳುವುದೂ ಇದೇ ಜಾತಿಯ ತೊಂದರೆ.

ಮೈಕ್‌ಹಿಂದೆ:
ವಿಡಿಯೋವನ್ನು ಮೂರು ಸಲ ನೋಡಿ: ಮೊದಲು ಪೂರ್ತಿ, ಆಮೇಲೆ ಕಣ್ಣು ಮುಚ್ಚಿ ಧ್ವನಿ ಮಾತ್ರ, ಕೊನೆಗೆ ಧ್ವನಿ ಆರಿಸಿ ಚಿತ್ರ ಮಾತ್ರ. ಹೆಡ್‌ಫೋನಿನಲ್ಲಿ ಸರಿಯಿದ್ದ ಹಿನ್ನೆಲೆ ಸಂಗೀತ ಫೋನಿನ ಸ್ಪೀಕರಿನಲ್ಲಿ ಮಾತನ್ನು ನುಂಗಬಹುದು, ಎರಡರಲ್ಲೂ ಕೇಳಿ. ಮಾತಿನಲ್ಲಿ “ಬಾಗಿಲು ಮುಚ್ಚಿತ್ತು” ಅಂತ ಬಂದಾಗ ತೆರೆಯ ಮೇಲೂ ಮುಚ್ಚಿದ ಬಾಗಿಲೇ ಇದ್ದರೆ ಎರಡರಲ್ಲಿ ಒಂದು ಸುಮ್ಮನೆ ನಿಂತಿದೆ ಅಂತ ಅರ್ಥ. ಟಿಪ್ಪಣಿಗೆ ಸಮಯ ಹಾಕಿ: “1:12ರಲ್ಲಿ ಚಿತ್ರ ಬದಲಾಯಿತು, ಅದರಲ್ಲಿದ್ದ ಪತ್ರ ಓದಲು ನನಗೆ ಆಗಲಿಲ್ಲ.” ಎಡಿಟ್ ಮಾಡುವವರು ನೇರ ಅಲ್ಲಿಗೇ ಹೋಗಬಹುದು.

ಖಾಲಿಹಾಳೆ:
ಎಲ್ಲರಿಗೂ ಥ್ಯಾಂಕ್ಸ್. ಎದುರೆದುರು ಕೂತು ಹೇಳುವುದಾದರೆ?

ಕರಡುಪ್ರತಿ:
ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ನಾಲ್ಕು ಹಂತದ ಕ್ರಮ ಕಥೆಗೂ ಚೆನ್ನಾಗಿ ಒಗ್ಗುತ್ತದೆ. ಮೊದಲು ಕೇಳುಗರು ತಮಗೆ ತಟ್ಟಿದ್ದನ್ನು ಹೇಳುತ್ತಾರೆ. ಆಮೇಲೆ ಬರೆದವರೇ ಪ್ರಶ್ನೆ ಕೇಳುತ್ತಾರೆ. ಮೂರನೆಯದು ಕೇಳುಗರ ಪ್ರಶ್ನೆ, ಅದರೊಳಗೆ ಅಭಿಪ್ರಾಯ ಅಡಗಿರಬಾರದು. “ಕೊನೆ ಯಾಕಿಷ್ಟು ಗಡಿಬಿಡಿ?” ಅನ್ನುವುದು ಪ್ರಶ್ನೆಯ ವೇಷದ ದೂರು. “ಕೊನೆಯ ದೃಶ್ಯ ಎಷ್ಟು ವೇಗವಾಗಿ ಸಾಗಬೇಕು ಅಂತ ನಿನ್ನ ಮನಸ್ಸಲ್ಲಿತ್ತು?” ಅನ್ನುವುದು ನಿಜವಾದ ಪ್ರಶ್ನೆ. ಹೆಚ್ಚು ಸಮಯ ಇಲ್ಲಿಗೇ ಮೀಸಲಿಡಿ. ನಾಲ್ಕನೆಯದು ಅಭಿಪ್ರಾಯ, ಅದೂ ಅನುಮತಿ ಕೇಳಿ: “ಸಂಭಾಷಣೆ ಬಗ್ಗೆ ಒಂದು ಮಾತಿದೆ, ಹೇಳಲಾ?” ಬೇಡ ಅಂದರೆ ಅಲ್ಲಿಗೇ ಬಿಟ್ಟುಬಿಡಿ.