ಕಾಲೇಜು ಐಸ್ ಹಾಕಿ ತಂಡಕ್ಕೆ ಜೂನಿಯರ್ ಆಟಗಾರರ ಆಯ್ಕೆ: ಪೋಷಕರ ಪ್ರಶ್ನೆಗಳಿಗೆ ನಿಯಮಪಾಲನಾ ಅಧಿಕಾರಿಯ ಉತ್ತರಗಳು

ಪ್ರಶ್ನೆ (ಮಿಷಿಗನ್‌ನ ನೋವೈಯಿಂದ ಒಬ್ಬ ತಂದೆ): ಮೇಡಂ, ನಮಸ್ಕಾರ. ನಾವು ವಿರಾಜಪೇಟೆ ಕಡೆಯವರು. ನಮ್ಮ ಊರಿನಲ್ಲಿ ಹಾಕಿ ಎಂದರೆ ಮೈದಾನದ ಹಾಕಿ; ಅಲ್ಲಿ ಒಕ್ಕದ, ಅಂದರೆ ಮನೆತನದ ಹೆಸರಿನಲ್ಲಿ ತಂಡ ಕಟ್ಟುತ್ತಾರೆ, ಮನೆಯ ಹುಡುಗನಿಗೆ ಮನೆಯ ತಂಡದಲ್ಲಿ ಜಾಗ ಸಿಗುತ್ತದೆ. 2009ರಲ್ಲಿ ಹುಟ್ಟಿದ ನನ್ನ ಮಗ ಇಲ್ಲಿ ಐಸ್ ಹಾಕಿಯನ್ನು ಹಿಡಿದಿದ್ದಾನೆ. ಟ್ರಿಪಲ್ ಎ, ಅಂದರೆ ಹುಡುಗರ ಹಾಕಿಯ ಮೇಲಿನ ಮಟ್ಟದ ತಂಡವೊಂದರಲ್ಲಿ ಡಿಫೆನ್ಸ್ ಆಡುತ್ತಾನೆ, ಈಗ 11ನೇ ತರಗತಿ. ಕಳೆದ ಮೇ ತಿಂಗಳಲ್ಲಿ, ಅಮೆರಿಕದ ಮೇಲ್ಮಟ್ಟದ ಜೂನಿಯರ್ ಲೀಗ್ ಆದ ಯುಎಸ್‌ಎಚ್‌ಎಲ್‌ನ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವನ ಹೆಸರು ಬರಲಿಲ್ಲ. ಆದರೆ ಮೂರು ಕಾಲೇಜುಗಳಿಂದ ಬೇಸಿಗೆ ಕ್ಯಾಂಪಿಗೆ ಆಹ್ವಾನದ ಇಮೇಲ್ ಬಂದಿದೆ. ಇದನ್ನು ಆಯ್ಕೆಯ ಮೊದಲ ಹೆಜ್ಜೆ ಎಂದು ತಿಳಿಯಬಹುದೇ? ಅಥವಾ ನಾವು ಆಗಲೇ ತಡವಾಗಿಬಿಟ್ಟಿದ್ದೇವೆಯೇ?

ಉತ್ತರ: ನಮಸ್ಕಾರ ಸರ್. ನಾನು ತರಬೇತುದಾರಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷಗಳಿಂದ ಒಂದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ನಿಯಮಪಾಲನೆಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಹಾಕಿ ತಂಡದ ಸಹಾಯಕ ಕೋಚ್‌ಗಳು ಯಾವ ಹುಡುಗನನ್ನು ಯಾವಾಗ ಮಾತನಾಡಿಸಬಹುದು, ಅವನ ಅಂಕಪಟ್ಟಿ ಅರ್ಹತೆಗೆ ಸಾಕೇ ಎಂಬ ಕಾಗದಗಳೆಲ್ಲ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ.

ಕ್ಯಾಂಪಿನ ಆಹ್ವಾನ ಆಯ್ಕೆಯ ಹೆಜ್ಜೆಯಲ್ಲ. ಬಹುಮಟ್ಟಿಗೆ ಅದು ಶುಲ್ಕ ಕೊಟ್ಟು ಬರುವವರೆಲ್ಲರಿಗೂ ತೆರೆದಿರುವ ಕ್ಯಾಂಪಿನ ಪ್ರಕಟಣೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯ ಮೊದಲ, ಅಂದರೆ ಅತಿ ಮೇಲಿನ ವಿಭಾಗದಲ್ಲಿ ಪುರುಷರ ಹಾಕಿ ಕೋಚ್‌ಗಳು ಆಟಗಾರನೊಡನೆ ನೇರವಾಗಿ ಮಾತನಾಡಲು 10ನೇ ತರಗತಿಯ ಜನವರಿ 1ರಿಂದ ಅವಕಾಶವಿದೆ; ತಂಡಕ್ಕೆ ಬಾಯಿಮಾತಿನ ಆಹ್ವಾನ ಕೊಡಲು ಮತ್ತು ಹುಡುಗನನ್ನು ಅಧಿಕೃತವಾಗಿ ಕಾಲೇಜಿಗೆ ಕರೆಸಿಕೊಳ್ಳಲು 11ನೇ ತರಗತಿಗೆ ಮುಂಚಿನ ಆಗಸ್ಟ್ 1ರವರೆಗೆ ಕಾಯಬೇಕು. ನಿಮ್ಮ ಮಗನ ವಿಷಯದಲ್ಲಿ ಎರಡೂ ದಿನಾಂಕಗಳು ಕಳೆದಿವೆ. ನಿಜವಾದ ಆಸಕ್ತಿಯಿದ್ದರೆ ಕೋಚ್ ಅವನ ಹೆಸರು, ಅವನು ಆಡಿದ ಪಂದ್ಯ, ಅದರಲ್ಲಿ ತಾನು ಕಂಡದ್ದನ್ನು ಹೇಳಿ ಫೋನ್ ಮಾಡುತ್ತಾನೆ.

ಹಾಗೆಂದು ತಡವಾಗಿದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಬ್ಯಾಸ್ಕೆಟ್‌ಬಾಲ್ ಅಥವಾ ಫುಟ್‌ಬಾಲ್‌ನಲ್ಲಿ ಹುಡುಗರು 18ಕ್ಕೆ ಶಾಲೆ ಮುಗಿಸಿ ನೇರವಾಗಿ ಕಾಲೇಜು ತಂಡಕ್ಕೆ ಬರುತ್ತಾರೆ. ಪುರುಷರ ಹಾಕಿಯಲ್ಲಿ ಹೆಚ್ಚಿನವರು ಶಾಲೆ ಮುಗಿದ ಮೇಲೆ ಒಂದೆರಡು ವರ್ಷ ಜೂನಿಯರ್ ಲೀಗ್‌ನಲ್ಲಿ ಆಡಿ, 19 ಅಥವಾ 20ನೇ ವಯಸ್ಸಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾಗಿ ಸೇರುತ್ತಾರೆ. ಮ್ಯಾಕ್ಲಿನ್ ಸೆಲೆಬ್ರಿನಿಯಂತೆ 17ನೇ ವಯಸ್ಸಿಗೇ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಆಡಿ, 2024ರಲ್ಲಿ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಪಡೆದವರನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ನಿಮ್ಮ ಮಗನನ್ನು ನೋಡಲು ರಿಂಕಿಗೆ ಬಂದ ಕೋಚ್, ಈ ವರ್ಷದ ತಂಡವನ್ನಲ್ಲ, 2028 ಅಥವಾ 2029ರ ತಂಡದಲ್ಲಿ ಯಾವ ಡಿಫೆನ್ಸ್ ಆಟಗಾರ ಪದವಿ ಮುಗಿಸಿ ಹೊರಹೋಗಿರುತ್ತಾನೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಕುಳಿತಿರುತ್ತಾನೆ.

ಲೆಕ್ಕವನ್ನೂ ನೋಡಿ. ಮೊದಲ ವಿಭಾಗದಲ್ಲಿ ಪುರುಷರ ತಂಡಗಳಿರುವುದು 60ಕ್ಕಿಂತ ಸ್ವಲ್ಪ ಹೆಚ್ಚು. ಅವುಗಳಲ್ಲಿ ಏಳು ನಿಮ್ಮ ಮಿಷಿಗನ್‌ನಲ್ಲೇ ಇವೆ, 2025ರಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದ ವೆಸ್ಟರ್ನ್ ಮಿಷಿಗನ್ ಕೂಡ ಅವುಗಳಲ್ಲಿ ಒಂದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಕಾಲೇಜು ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ಇತ್ಯರ್ಥದ ಪ್ರಕಾರ, ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ 18 ಪೂರ್ಣ ವಿದ್ಯಾರ್ಥಿವೇತನಗಳ ಹಳೆಯ ಮಿತಿ ಹೋಗಿ, ತಂಡದಲ್ಲಿ 26 ಜನ ಎಂಬ ಮಿತಿ ಬಂದಿದೆ. 26ನ್ನು ನಾಲ್ಕು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಆರೇಳು ಜಾಗ; ಅದರಲ್ಲಿಯೂ ಕೆಲವು ಬೇರೆ ಕಾಲೇಜಿನಿಂದ ವರ್ಗಾವಣೆಯಾಗಿ ಬರುವವರಿಗೆ ಹೋಗುತ್ತವೆ. ಕೊಡಗಿನಲ್ಲಿ ಒಕ್ಕ ಕೊಡುವ ಜಾಗವನ್ನು ಇಲ್ಲಿ ಯಾರೂ ಕಾದಿರಿಸುವುದಿಲ್ಲ.

ಪ್ರಶ್ನೆ (ಅದೇ ತಂದೆ): ಹಾಗಾದರೆ ನಾವು ಈಗ ಮಾಡಬೇಕಾದದ್ದೇನು? ಕೋಚ್‌ಗಳು ಏನನ್ನು ನೋಡುತ್ತಾರೆ?

ಉತ್ತರ: ಪತ್ರವನ್ನು ಹುಡುಗನೇ ಬರೆಯಲಿ. ತಂದೆ ಬರೆದ ಪತ್ರ ಎರಡನೇ ಸಾಲಿಗೇ ಗೊತ್ತಾಗಿಬಿಡುತ್ತದೆ. ಹುಟ್ಟಿದ ವರ್ಷ, ಎಡಗೈ ಆಟವೋ ಬಲಗೈ ಆಟವೋ, ಎತ್ತರ ಮತ್ತು ತೂಕ, ಮುಂದಿನ ಎರಡು ತಿಂಗಳ ಪಂದ್ಯಗಳ ವೇಳಾಪಟ್ಟಿ, ಈಗಿನ ಕೋಚ್‌ನ ಫೋನ್ ಸಂಖ್ಯೆ ಮತ್ತು ಶಾಲೆಯ ಅಂಕಪಟ್ಟಿ ಇದ್ದರೆ ಸಾಕು. ಬಲಗೈಯಲ್ಲಿ ಆಡುವ ಡಿಫೆನ್ಸ್ ಆಟಗಾರರು ಕಡಿಮೆ ಸಿಗುವುದರಿಂದ, ನಿಮ್ಮವನು ಆ ಗುಂಪಿನವನಾಗಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಲಿ. ಗೋಲುಗಳನ್ನಷ್ಟೇ ಪೋಣಿಸಿದ ವಿಡಿಯೋದ ಜೊತೆಗೆ ಒಂದು ಇಡೀ ಪಂದ್ಯದಲ್ಲಿ ಅವನು ಐಸ್ ಮೇಲಿದ್ದ ಪ್ರತಿಯೊಂದು ಸರದಿಯ ವಿಡಿಯೋವನ್ನೂ ಕಳಿಸಿ. ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಕಾಲ ಬಳಿ ಇಲ್ಲದಾಗ ಹುಡುಗ ಏನು ಮಾಡುತ್ತಾನೆ, ತನ್ನ ಸರದಿ ಮುಗಿಸಿ ನಲವತ್ತೈದು ಸೆಕೆಂಡಿಗೆ ಸರಿಯಾಗಿ ಬೆಂಚಿಗೆ ಹಿಂದಿರುಗುತ್ತಾನೆಯೇ, ತಪ್ಪು ಮಾಡಿ ಬೆಂಚಿಗೆ ಬಂದಾಗ ಅವನ ಮುಖ ಹೇಗಿರುತ್ತದೆ ಎಂಬುದನ್ನು ಅವರು ನೋಡುತ್ತಾರೆ. ಗ್ಯಾಲರಿಯಲ್ಲಿ ತಂದೆ ತಾಯಿ ರೆಫರಿಯ ಮೇಲೆ ಕೂಗಾಡುವುದೂ ಅವರ ಕಿವಿಗೆ ಬೀಳುತ್ತದೆ ಎಂಬುದನ್ನು ನಮ್ಮವರಿಗೆ ವಿಶೇಷವಾಗಿ ಹೇಳಬೇಕಾಗಿಲ್ಲವಾದರೂ ಹೇಳಿದ್ದೇನೆ.

ಯುಎಸ್‌ಎಚ್‌ಎಲ್ ಡ್ರಾಫ್ಟ್‌ಗೆ ಎರಡನೇ ಹಂತವೊಂದಿದೆ, ವಯಸ್ಸಿನಲ್ಲಿ ಹಿರಿಯರಾದವರನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ಯುಎಸ್‌ಎಚ್‌ಎಲ್‌ನ ಕೆಳಗಿನ ಜೂನಿಯರ್ ಲೀಗ್ ಆದ ಎನ್‌ಎಎಚ್‌ಎಲ್‌ನಿಂದಲೂ ಪ್ರತಿ ವರ್ಷ ಮೊದಲ ವಿಭಾಗಕ್ಕೆ ಹುಡುಗರು ಹೋಗುತ್ತಾರೆ. ಮಿನ್ನೆಸೋಟದ ಬ್ಲೇನ್‌ನಲ್ಲಿ ಋತುವಿನ ಆರಂಭದಲ್ಲಿ ನಡೆಯುವ, ತಂಡಗಳೆಲ್ಲ ಒಂದೆಡೆ ಸೇರಿ ಆಡುವ ಅದರ ಷೋಕೇಸ್‌ಗೆ ಕಾಲೇಜು ಕೋಚ್‌ಗಳು ಗುಂಪುಗುಂಪಾಗಿ ಬರುತ್ತಾರೆ. ಈ ಎರಡು ಲೀಗ್‌ಗಳಲ್ಲಿ ಆಡಲು ಹುಡುಗರು ತಂಡಕ್ಕೆ ಶುಲ್ಕ ಕಟ್ಟಬೇಕಾಗಿಲ್ಲ.

ಪ್ರಶ್ನೆ (ಒಂಟಾರಿಯೊದ ಗ್ವೆಲ್ಫ್‌ನಿಂದ ಒಬ್ಬ ತಂದೆ): ನಮ್ಮ ಮಗನನ್ನು ಒಂಟಾರಿಯೊದ ಜೂನಿಯರ್ ಲೀಗ್ ಆದ ಓಎಚ್‌ಎಲ್‌ನ ತಂಡವೊಂದು ಕರೆಯುತ್ತಿದೆ. ಅಲ್ಲಿ ಒಂದು ಪಂದ್ಯ ಆಡಿದರೂ ಅಮೆರಿಕದ ಕಾಲೇಜಿನ ಬಾಗಿಲು ಮುಚ್ಚಿತು ಎಂದು ಹಳಬರು ಹೆದರಿಸುತ್ತಾರೆ.

ಉತ್ತರ: ಹಳಬರು ಹೇಳುವುದು ಅವರ ಕಾಲಕ್ಕೆ ಸರಿಯಾಗಿಯೇ ಇತ್ತು. ಓಎಚ್‌ಎಲ್, ಪಶ್ಚಿಮ ಭಾಗದ ಡಬ್ಲ್ಯುಎಚ್‌ಎಲ್ ಮತ್ತು ಕ್ವಿಬೆಕ್‌ನ ಲೀಗ್ ಸೇರಿದ ಕೆನಡಿಯನ್ ಹಾಕಿ ಲೀಗ್‌ನಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ಒಪ್ಪಂದಕ್ಕೆ ಸಹಿ ಮಾಡಿದ ಹುಡುಗರೂ ಆಡುತ್ತಿದ್ದರು, ಆಟಗಾರರಿಗೆ ಕೈಖರ್ಚಿನ ಹಣವೂ ಸಿಗುತ್ತಿತ್ತು. ಆದ್ದರಿಂದ ಎನ್‌ಸಿಎಎ ಅದನ್ನು ವೃತ್ತಿಪರ ಲೀಗ್ ಎಂದೇ ಎಣಿಸಿತ್ತು. 2024ರ ನವೆಂಬರ್‌ನಲ್ಲಿ ಮೊದಲ ವಿಭಾಗದ ಮಂಡಳಿ ಈ ನಿಯಮವನ್ನು ಬದಲಾಯಿಸಿತು, 2025ರ ಆಗಸ್ಟ್ 1ರಿಂದ ಅದು ಜಾರಿಗೆ ಬಂದಿದೆ. ನಿಜವಾದ ಮತ್ತು ಅಗತ್ಯವಾದ ಖರ್ಚಿಗಿಂತ ಹೆಚ್ಚು ಹಣ ಪಡೆಯದಿದ್ದರೆ ಆ ಆಟಗಾರನಿಗೆ ಅರ್ಹತೆ ಉಳಿಯುತ್ತದೆ. ಡಬ್ಲ್ಯುಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ಟೈಗರ್ಸ್ ತಂಡದ ಗ್ಯಾವಿನ್ ಮೆಕೆನಾ 2025ರ ಜುಲೈನಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರುವುದಾಗಿ ಘೋಷಿಸಿದ್ದು ಈ ಬದಲಾವಣೆಯಿಂದಲೇ. ಆದರೆ ಎನ್‌ಎಚ್‌ಎಲ್‌ನ ಪ್ರವೇಶ ಒಪ್ಪಂದಕ್ಕೆ ಸಹಿ ಹಾಕಿದರೆ ಬಾಗಿಲು ಮುಚ್ಚುತ್ತದೆ. ಅದೇ ಕಾರಣಕ್ಕೆ ನಿಮ್ಮ ಓಎಚ್‌ಎಲ್ ಒಪ್ಪಂದದಲ್ಲಿ ಯಾವ ಹಣ ಯಾವ ಬಾಬ್ತಿನದು ಎಂಬುದನ್ನು ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಿ.

ಇದರ ಇನ್ನೊಂದು ಮುಖವನ್ನು ನೋವೈಯವರೂ ಗಮನಿಸಬೇಕು. ಮೂರು ದೊಡ್ಡ ಲೀಗ್‌ಗಳ ಹುಡುಗರು ಒಮ್ಮೆಲೇ ಕಾಲೇಜಿನ ಕಡೆ ತಿರುಗಿದಾಗ ಕೆಳಗಿನ ಸಾಲಿನವರು ಇನ್ನೊಂದು ಮೆಟ್ಟಿಲು ಕೆಳಗಿಳಿಯುವುದು ಸಹಜ. ಹಿಂದೆ ಮೊದಲ ವಿಭಾಗಕ್ಕೆ ಹೋಗುತ್ತಿದ್ದ ಹುಡುಗ ಇಂದು ಮೂರನೇ ವಿಭಾಗದಲ್ಲಿ ಆಡಬೇಕಾಗಿ ಬರಬಹುದು. ನಮ್ಮವರು ಮೂರನೇ ವಿಭಾಗವೆಂದರೆ ಮೂರನೇ ದರ್ಜೆ ಎಂದು ಮೂಗು ಮುರಿಯುತ್ತಾರೆ, ಅದು ನನಗೆ ಬೇಸರದ ಸಂಗತಿ. ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನವಿಲ್ಲ, ಓದಿನ ಆಧಾರದ ಮತ್ತು ಮನೆಯ ಆದಾಯದ ಆಧಾರದ ನೆರವು ಇದೆ. ಹಾರ್ವರ್ಡ್, ಕಾರ್ನೆಲ್‌ನಂಥ ಹೆಸರಾಂತ ಐವಿ ಕಾಲೇಜುಗಳೂ ಕ್ರೀಡಾ ವಿದ್ಯಾರ್ಥಿವೇತನ ಕೊಡುವುದಿಲ್ಲ, ಆದರೂ ಅವು ಮೊದಲ ವಿಭಾಗದಲ್ಲೇ ಆಡುತ್ತವೆ.

ಪ್ರಶ್ನೆ (ಮಿಸಿಸಾಗಾದಿಂದ ಒಬ್ಬ ತಾಯಿ): ನನ್ನ ಮಗಳು ಫಾರ್ವರ್ಡ್ ಆಡುತ್ತಾಳೆ, 10ನೇ ತರಗತಿ. ಅತ್ತೆಯವರ ಅನಾರೋಗ್ಯದ ಕಾರಣ 9ನೇ ತರಗತಿಯನ್ನು ಬೆಂಗಳೂರಿನ ಸಿಬಿಎಸ್‌ಇ ಶಾಲೆಯಲ್ಲಿ ಓದಿದಳು. ಆ ವರ್ಷ ಐಸ್ ಸಿಗದೆ ರೋಲರ್ ಸ್ಕೇಟಿಂಗ್‌ನಲ್ಲೇ ಕಾಲು ಪಳಗಿಸಿಕೊಂಡಿದ್ದಳು. ಆ ವರ್ಷದ ಓದು ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ: ಖಂಡಿತ ಬರುತ್ತದೆ, ಎಷ್ಟೋ ಜನ ಇದನ್ನೇ ಮರೆತಿರುತ್ತಾರೆ. ಯಾವ ದೇಶದಲ್ಲಿ ಓದಿದ್ದರೂ ಎನ್‌ಸಿಎಎಯ ಗಡಿಯಾರ 9ನೇ ತರಗತಿಯಿಂದ ಓಡಲು ತೊಡಗುತ್ತದೆ. ಆ ಶಾಲೆಯಿಂದ ವಾರ್ಷಿಕ ಅಂಕಪಟ್ಟಿಯನ್ನು ಮುದ್ರೆ ಸಹಿತ ಈಗಲೇ ತರಿಸಿ. ನಾಲ್ಕು ವರ್ಷ ಬಿಟ್ಟು ಕೇಳಿದರೆ ಕಚೇರಿಯಲ್ಲಿ ಹಳೆಯ ರಿಜಿಸ್ಟರ್ ಹುಡುಕುವವರು ಸಿಗುವುದಿಲ್ಲ.

ಮೊದಲ ವಿಭಾಗಕ್ಕೆ 16 ಮುಖ್ಯ ವಿಷಯಗಳು ಬೇಕು (ಒಂದು ವಿಷಯದ ಒಂದು ವರ್ಷದ ಓದನ್ನು ಒಂದು ಎಂದು ಎಣಿಸಿ): ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಈ ಮೂರರಲ್ಲಿ ಯಾವುದಾದರೂ ಇನ್ನೊಂದು, ಸಮಾಜ ವಿಜ್ಞಾನ 2, ಉಳಿದ 4 ಇವುಗಳಿಂದಲೋ ಭಾಷೆ ಮುಂತಾದವುಗಳಿಂದಲೋ. ಸರಾಸರಿ 4ಕ್ಕೆ 2.3 ಇರಬೇಕು, 12ನೇ ತರಗತಿ ಆರಂಭವಾಗುವ ಮುಂಚೆ ಹತ್ತು ವಿಷಯ ಮುಗಿದಿರಬೇಕು. ನಮ್ಮ ಮಕ್ಕಳಿಗೆ ಅಂಕ ದೊಡ್ಡ ತೊಡಕಲ್ಲ, ಈ ವಿಷಯಗಳ ಪಟ್ಟಿಯೇ ತೊಡಕು. ಒಬ್ಬ ಹುಡುಗ ಜೂನಿಯರ್ ತಂಡಕ್ಕಾಗಿ ಬೇರೆ ರಾಜ್ಯಕ್ಕೆ ಹೋಗಿ, 12ನೇ ತರಗತಿಯ ಎರಡು ವಿಷಯಗಳನ್ನು ಆನ್‌ಲೈನ್ ಶಾಲೆಯೊಂದರಲ್ಲಿ ಮುಗಿಸಿದ. ಆ ಶಾಲೆಯ ವಿಷಯಗಳಿಗೆ ಎನ್‌ಸಿಎಎಯ ಮಾನ್ಯತೆ ಇರಲಿಲ್ಲ. ಸಕಾಲದಲ್ಲಿ ಶಾಲೆ ಮುಗಿಸಿದವರು ಆಮೇಲೆ ಒಂದು ವಿಷಯವನ್ನು ಮಾತ್ರ ಸೇರಿಸಿಕೊಳ್ಳಬಹುದು, ಇವನಿಗೆ ಬೇಕಾದದ್ದು ಎರಡು. ಎರಡು ವರ್ಷ ಅವನ ಆಟ ನೋಡಿ ಒಪ್ಪಿಕೊಂಡಿದ್ದ ಕೋಚ್‌ಗೆ ನಾನೇ ಆ ಸುದ್ದಿಯನ್ನು ಹೇಳಬೇಕಾಯಿತು.

ಹುಡುಗಿಯರ ವಿಷಯದಲ್ಲಿ ಕಾಲ ಬೇರೆ. ಅವರು ಬಹುಮಟ್ಟಿಗೆ ಶಾಲೆ ಮುಗಿದೊಡನೆ 18ಕ್ಕೇ ಸೇರುತ್ತಾರೆ, ಜೂನಿಯರ್ ವರ್ಷಗಳ ಬಿಡುವು ಅವರಿಗಿಲ್ಲ. ಕೋಚ್‌ಗಳು ಮಾತನಾಡಬಹುದಾದದ್ದು 10ನೇ ತರಗತಿ ಮುಗಿದ ಜೂನ್ 15ರಿಂದ. ಅಷ್ಟರೊಳಗೆ ನಿಮ್ಮ ಮಗಳ ಪತ್ರಗಳು ಹೋಗಿರಲಿ. ಪತ್ರ ಬರೆಯಲು ಆಟಗಾರ್ತಿಗೆ ಯಾವ ತಡೆಯೂ ಇಲ್ಲ, ಉತ್ತರಿಸಲು ಮಾತ್ರ ಕೋಚ್‌ಗೆ ತಡೆ.

ಪ್ರಶ್ನೆ (ಮಿನ್ನೆಸೋಟದಿಂದ ಒಬ್ಬ ತಾಯಿ): ಜೂನಿಯರ್ ತಂಡದವರು ಮಗನನ್ನು ಬಿಲೆಟ್ ಮನೆಯಲ್ಲಿ ಇರಿಸುತ್ತಾರಂತೆ. ನಾವು ಸಸ್ಯಾಹಾರಿಗಳು. ಕೇಳಿದರೆ ತಂಡದವರು ಬೇಸರ ಪಟ್ಟುಕೊಳ್ಳುತ್ತಾರೆಯೇ? ಇನ್ನೊಂದು, ನಾವಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇವೆ, ಮಗ ಅವಲಂಬಿತರ ಎಚ್-4 ವೀಸಾದಲ್ಲಿ.

ಉತ್ತರ: ಸಹಿ ಮಾಡುವ ಮೊದಲೇ ಕೇಳಿ ಮೇಡಂ. ಬಿಲೆಟ್ ಎಂದರೆ ಆಟಗಾರನನ್ನು ಮನೆಮಗನಂತೆ ಇಟ್ಟುಕೊಳ್ಳುವ ಊರಿನ ಕುಟುಂಬ. ತಂಡದಲ್ಲಿ ಇದಕ್ಕೆಂದೇ ಒಬ್ಬರು ಸಂಯೋಜಕರಿರುತ್ತಾರೆ, ಅಲರ್ಜಿ ಇರುವ ಹುಡುಗರ ಊಟವನ್ನೂ ಅವರೇ ಹೊಂದಿಸುತ್ತಾರೆ. ಹುಡುಗ ತಾನೇ ಅನ್ನ, ಬೇಳೆ ಸಾರು ಮಾಡಿಕೊಳ್ಳಲು ಕಲಿತು ಹೋದರೆ ಇನ್ನೂ ಒಳ್ಳೆಯದು. ಬಸ್ಸಿನ ಪ್ರಯಾಣದ ಊಟವೇ ನಿಜವಾದ ತೊಂದರೆ. ಅದಕ್ಕೆ ಒಂದು ಡಬ್ಬಿ ಜೊತೆಗಿರಲಿ.

ಎರಡನೆಯದು ಊಟಕ್ಕಿಂತ ದೊಡ್ಡ ವಿಷಯ. ಎಚ್-4 ಮಕ್ಕಳಿಗೆ 21 ತುಂಬಿದೊಡನೆ ಮುಗಿಯುತ್ತದೆ. ಜೂನಿಯರ್ ಆಡಿ 20ಕ್ಕೆ ಕಾಲೇಜು ಸೇರುವ ಹುಡುಗನಿಗೆ ಮೊದಲ ಅಥವಾ ಎರಡನೇ ವರ್ಷದಲ್ಲೇ 21 ತುಂಬುತ್ತದೆ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗುವ ಅರ್ಜಿಯನ್ನು ಯಾವಾಗ ಹಾಕಬೇಕೆಂಬುದನ್ನು ಜೂನಿಯರ್ ತಂಡ ಸೇರುವ ಮೊದಲೇ ವಲಸೆ ವಕೀಲರೊಡನೆ ಕುಳಿತು ಬರೆದಿಟ್ಟುಕೊಳ್ಳಿ. ಆಟಗಾರನ ಹೆಸರು, ಚಿತ್ರ ಬಳಸಿದ್ದಕ್ಕೆ ಕಂಪನಿಗಳೋ ಕಾಲೇಜೋ ಕೊಡುವ ಹಣಕ್ಕೂ ಇದೇ ಮಾತು; ಎನ್‌ಸಿಎಎ ಒಪ್ಪಿದ ಹಣವನ್ನು ವೀಸಾ ಒಪ್ಪಬೇಕೆಂದಿಲ್ಲ. ತಂಡದ ಹುಡುಗರೆಲ್ಲ ಸಹಿ ಹಾಕಿದರು ಎಂದು ಇವನೂ ಹಾಕಬಾರದು.

ಪ್ರಶ್ನೆ (ನೋವೈಯ ತಂದೆ ಮತ್ತೆ): ಕೊನೆಯದಾಗಿ ಒಂದು. ಮೂರನೇ ಹಂತದ, ಅಂದರೆ ಆಟಗಾರರಿಂದ ಶುಲ್ಕ ಪಡೆಯುವ ಜೂನಿಯರ್ ತಂಡವೊಂದು ಮುಂದಿನ ವರ್ಷಕ್ಕೆ ಈಗಲೇ ಸಹಿ ಮಾಡಿ, ಮುಂಗಡ ಕಟ್ಟಿ ಎನ್ನುತ್ತಿದೆ. ಒಬ್ಬ ಸಲಹೆಗಾರರು ಶುಲ್ಕ ಕೊಟ್ಟರೆ ಮೊದಲ ವಿಭಾಗದ ಜಾಗ ಖಚಿತ ಎನ್ನುತ್ತಿದ್ದಾರೆ.

ಉತ್ತರ: ಖಚಿತ ಎಂದ ಸಲಹೆಗಾರರಿಗೆ ನಮಸ್ಕಾರ ಹೇಳಿ ಬಾಗಿಲು ಹಾಕಿಕೊಳ್ಳಿ. ಕೋಚ್ ಸ್ವತಃ ಬಾಯಿಮಾತಿನಲ್ಲಿ ಕೊಟ್ಟ ಆಹ್ವಾನವೇ ಎರಡೂ ಕಡೆಯವರನ್ನು ಕಟ್ಟಿಹಾಕುವುದಿಲ್ಲ. ಹಿಂದಿದ್ದ ರಾಷ್ಟ್ರೀಯ ಒಪ್ಪಿಗೆ ಪತ್ರವನ್ನೂ 2024ರಲ್ಲಿ ಕೈಬಿಟ್ಟು, ಈಗ ಕಾಲೇಜು ಕೊಡುವ ಲಿಖಿತ ಆರ್ಥಿಕ ನೆರವಿನ ಒಪ್ಪಂದವೇ ಆಧಾರವಾಗಿದೆ. ಹೀಗಿರುವಾಗ ಮೂರನೆಯವರು ಕೊಡುವ ಖಾತರಿಗೆ ಏನು ಬೆಲೆ? ಒಳ್ಳೆಯ ಸಲಹೆಗಾರರೂ ಇದ್ದಾರೆ, ಯಾವ ತಂಡದಲ್ಲಿ ಯಾರು ಹೊರಹೋಗುತ್ತಿದ್ದಾರೆಂದು ಅವರಿಗೆ ತಿಳಿದಿರುತ್ತದೆ; ಅವರು ಮೊದಲು ಹುಡುಗನ ಆಟ ನೋಡಲು ಬರುತ್ತಾರೆ, ಆಮೇಲೆ ಹಣದ ಮಾತು.

ಶುಲ್ಕ ಪಡೆಯುವ ಜೂನಿಯರ್ ತಂಡಗಳೆಲ್ಲ ಕೆಟ್ಟವು ಎನ್ನಲಾರೆ, ಮೂರನೇ ವಿಭಾಗದ ಹಲವು ಆಟಗಾರರು ಅಲ್ಲಿಂದಲೇ ಬರುತ್ತಾರೆ. ಆದರೆ ಮಗನಿಗೆ ಇನ್ನೂ 12ನೇ ತರಗತಿ ಉಳಿದಿದೆ. ಆ ವರ್ಷವನ್ನು ಅವನು ಮನೆಯಲ್ಲಿದ್ದು, ಈಗಿನ ಶಾಲೆಯಲ್ಲೇ ಓದಿ, 18ರೊಳಗಿನವರ ತಂಡದಲ್ಲಿ ಹೆಚ್ಚು ಹೊತ್ತು ಐಸ್ ಮೇಲಿದ್ದು ಕಳೆಯಲಿ ಎಂಬುದು ನನ್ನ ಅಭಿಪ್ರಾಯ. ಮುಂಗಡ ಕೇಳಿದ ತಂಡಕ್ಕೆ ಒಂದೇ ಪ್ರಶ್ನೆ ಕಳಿಸಿ: ಕಳೆದ ಮೂರು ವರ್ಷಗಳಲ್ಲಿ ನಿಮ್ಮಲ್ಲಿ ಆಡಿದ ಡಿಫೆನ್ಸ್ ಆಟಗಾರರು ಈಗ ಯಾವ ಕಾಲೇಜಿನಲ್ಲಿ ಆಡುತ್ತಿದ್ದಾರೆ? ಬಂದ ಹೆಸರುಗಳನ್ನು ಆಟಗಾರರ ದಾಖಲೆಗಳಿರುವ ಎಲೀಟ್ ಪ್ರಾಸ್ಪೆಕ್ಟ್ಸ್ ಜಾಲತಾಣದಲ್ಲಿ ಒಂದೊಂದಾಗಿ ನೋಡಿ, ಆಮೇಲೆ ಇಲ್ಲಿ ಬರೆಯಿರಿ.