ಮೂಲಮನೆ ಗುಂಪಿನಲ್ಲಿ ಹುಳದ ಲಸಿಕೆ

ದೊಡ್ಡಮಾವ (ಫಾರ್ವರ್ಡ್): ಜಂತುಹುಳುವಿಗೆ ಲಸಿಕೆ ಬಂತು! ಇಲಿಗಳಲ್ಲಿ ಪೂರ್ಣ ಯಶಸ್ಸು. ಇನ್ನು ಮಕ್ಕಳಿಗೆ ಮಾತ್ರೆ ಬೇಡ. ಎಲ್ಲರಿಗೂ ತಿಳಿಸಿ.

ದೊಡ್ಡಮಾವ: ಆ ಮಾತ್ರೆ ಬೇಡವೆಂದು ನಾನು ಹೋದ ವರ್ಷವೇ ಹೇಳಿದ್ದೆ. ಯಾರು ಕೇಳಿದಿರಿ?

ಸುಮಾ: ಮಾವ, ಇದನ್ನು ಬರೆದವರು ಯಾರು? ಕೊಕ್ಕೆಹುಳುವೋ ದುಂಡುಹುಳುವೋ ಎಂಬುದೂ ಇದರಲ್ಲಿಲ್ಲ.

ದೊಡ್ಡಮಾವ: ಹಿರಿಯರು ಕಳುಹಿಸಿದ್ದನ್ನು ಮೊದಲು ಓದಬೇಕು. ಅಡ್ಡಪ್ರಶ್ನೆ ಆಮೇಲೆ.

ಸುಮಾ: ಓದಿಯೇ ಕೇಳುತ್ತಿದ್ದೇನೆ. ಕೊಕ್ಕೆಹುಳುವಿನದೇ ಒಂದು ಪ್ರೋಟೀನಿನಿಂದ ಮಾಡಿದ ಲಸಿಕೆಯ ಕಥೆ ಕೇಳಿ. ಅದೇ ಬಗೆಯ ಪ್ರೋಟೀನ್ ನಾಯಿ, ಹ್ಯಾಮ್‌ಸ್ಟರ್‌ಗಳಲ್ಲಿ ಹುಳುಗಳನ್ನು ತಗ್ಗಿಸಿತ್ತು. ಬ್ರೆಜಿಲಿನಲ್ಲಿ ಜನರಿಗೆ ಚುಚ್ಚಿದಾಗ ಕೆಲವರಿಗೆ ಮೈತುಂಬ ದದ್ದು ಎದ್ದು ಪ್ರಯೋಗವನ್ನೇ ನಿಲ್ಲಿಸಿದರು. ಅವರಿಗೆ ಮೊದಲೇ ಹುಳು ತಗಲಿತ್ತು, ದೇಹ ಆ ಪ್ರೋಟೀನಿಗೆ ಸಿಡಿಮಿಡಿಗೊಳ್ಳಲು ಕಲಿತಿತ್ತು. ಪಂಜರದ ಪ್ರಾಣಿಗೆ ಆ ಹಳೆಯ ಪರಿಚಯ ಎಲ್ಲಿಂದ ಬರಬೇಕು?

ಮುರಳಿ: ಅಜ್ಜಿಯ ವಾಯುವಿಳಂಗದ ಕಷಾಯ ನೆನಪಿದೆಯೇ? ಮರುದಿನ ಬೆಳಿಗ್ಗೆ ಹರಳೆಣ್ಣೆ! ಜಗಲಿಯಲ್ಲಿ ಸಾಲಾಗಿ ಕೂರಿಸುತ್ತಿದ್ದರು. ಕುಡಿದವನೇ ಬರಿಗಾಲಲ್ಲಿ ಅಡಿಕೆ ಹೆಕ್ಕಲು ತೋಟಕ್ಕೆ ಓಟ.

ಸುಮಾ: ಆ ಬರಿಗಾಲಿನಿಂದಲೇ ಬರುತ್ತಿತ್ತು ಮುರಳಿ. ಒದ್ದೆ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿ ಪಾದದ ಚರ್ಮ ತೂರಿ ಒಳಹೊಕ್ಕು, ಕೊನೆಗೆ ಕರುಳು ಕಚ್ಚಿ ರಕ್ತ ಹೀರುತ್ತದೆ.

ಬದಿಯಡ್ಕ ಅತ್ತೆ: ಉಪನಯನದ ದಿನವೂ ಇವಳು ಹೀಗೆಯೇ ಎಲ್ಲರೆದುರು ಮಾವನಿಗೆ ಎದುರಾಡಿದ್ದಳು.

ಸುಮಾ: ಅತ್ತೆ, ಅಂದು ನಾನು ಕೇಳಿದ್ದು ಕುಡಿಯುವ ನೀರು ಕುದಿಸಿದ್ದೀರಾ ಎಂದು ಮಾತ್ರ.

ದೊಡ್ಡಮಾವ: ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗಲೂ ಭಯವಿಲ್ಲ ಎಂದರು. ಆಮೇಲೆ ನರಳಿದ ಪಡ್ರೆ ಊರಿನ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾತ್ರೆ ಎಂದರೆ ನನಗೆ ಹೆದರಿಕೆಯಾಗಬಾರದೇ?

ಸುಮಾ: ಆಗಲಿ ಮಾವ, ಆ ಹೆದರಿಕೆ ಸುಳ್ಳಲ್ಲ. ಆದರೆ ಇಲಿಯ ಮೇಲಷ್ಟೇ ನೋಡಿದ ಲಸಿಕೆಯನ್ನು ನಂಬಿ, ದಶಕಗಳಿಂದ ಮಕ್ಕಳಿಗೆ ಕೊಡುತ್ತಿರುವ ಹುಳದ ಮಾತ್ರೆ ಆಲ್ಬೆಂಡಜೋಲ್ ಬಿಡಿಸುವುದು ಯಾವ ಎಚ್ಚರ?

ಕುಂಬಳೆ ಅತ್ತಿಗೆ: ನನ್ನ ಮಗುವಿಗೆ ಒಂದೂವರೆ ವರ್ಷ. ಎಷ್ಟು ಕೊಡಬೇಕು? ಹೋದ ಸಲವೂ ಕೇಳಿದ್ದೆ, ಯಾರೂ ಉತ್ತರಿಸಲಿಲ್ಲ.

ಸುಮಾ: ಎರಡು ತುಂಬುವವರೆಗೆ ಅರ್ಧ ಮಾತ್ರೆ ಅತ್ತಿಗೆ, 200 ಮಿಲಿಗ್ರಾಂ. ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡುತ್ತಾರೆ. ಅಂಗನವಾಡಿಯಲ್ಲೇ ಕೊಡಿಸಿ.

ಮುರಳಿ: ಅಜ್ಜಿಯ ಆ ಕಷಾಯದ ಕಂಚಿನ ಲೋಟ ಈಗ ಯಾರ ಬಳಿ ಇದೆ?

ಬದಿಯಡ್ಕ ಅತ್ತೆ: ಪಾಲಾದ ದಿನ ಅದನ್ನು ಯಾರು ಒಯ್ದರೆಂದು ನಿನ್ನ ದೊಡ್ಡಮಾವನನ್ನೇ ಕೇಳು.