ಹಿತ್ತಲಲ್ಲಿ ಕಾಡು ಪೇರ್: ಬೀಜ, ಮಳೆ, ಕಸಿ

ಪ್ರಶ್ನೆ: ಉತ್ತರಾಖಂಡದಿಂದ ನೆಂಟರು ಒಂದು ಚೀಲ ಮೇಹಲ್ ಹಣ್ಣು ತಂದಿದ್ದಾರೆ, ಅಲ್ಲಿನ ಕಾಡು ಪೇರ್. ನಮ್ಮ ಮನೆ ಮಡಿಕೇರಿ ಹತ್ತಿರ, ಹಿತ್ತಲು ಇಳಿಜಾರು. ಬೀಜ ಹಾಕಿದರೆ ಗಿಡ ಬರುತ್ತಾ? ಇಲ್ಲಿನ ಮಳೆ ತಡೆಯುತ್ತಾ? ಹಣ್ಣು ತಿನ್ನೋ ಹಾಗಿರುತ್ತಾ? ಗೊತ್ತಿರುವವರು ತಿಳಿಸಿ.

ಸೋಮವಾರಪೇಟೆಯಿಂದ: ಬೀಜಕ್ಕೆ ಮೊದಲು ಚಳಿ ಕೊಡಿ. ಹಾಗೇ ಮಣ್ಣಿಗೆ ಹಾಕಿದರೆ ಹೆಚ್ಚಿನವು ಮೊಳೆಯದೆ ಕೊಳೆಯುತ್ತವೆ. ಹಣ್ಣು ಕಪ್ಪಾಗಿ ಮೆತ್ತಗಾದ ಮೇಲೆ ಹಿಸುಕಿ, ಬೀಜ ತೊಳೆದು ನೀರಿಗೆ ಹಾಕಿ. ತೇಲಿದ್ದು ಜೊಳ್ಳು, ಎಸೆಯಿರಿ. ಉಳಿದದ್ದನ್ನು ಒದ್ದೆ ಮರಳಲ್ಲಿ ಬೆರೆಸಿ. ಮುಷ್ಟಿಯಲ್ಲಿ ಹಿಂಡಿದರೆ ಮರಳಿನಿಂದ ನೀರು ತೊಟ್ಟಿಕ್ಕಬಾರದು. ಮುಚ್ಚಳಕ್ಕೆ ಎರಡು ತೂತು ಮಾಡಿದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ತರಕಾರಿ ಟ್ರೇಯಲ್ಲಿ 45ರಿಂದ 60 ದಿನ. ಫ್ರೀಜರ್ ಬೇಡವೇ ಬೇಡ. ವಾರಕ್ಕೊಮ್ಮೆ ತೆರೆದು ನೋಡಿ, ಬೂಷ್ಟು ಕಂಡರೆ ಬೀಜ ತೊಳೆದು ಮರಳು ಬದಲಿಸಿ. ಬಿಳಿ ಬೇರು ಇಣುಕಿದವನ್ನು ಒಂದು ಸೆಂ.ಮೀ. ಆಳಕ್ಕೆ ಹಾಕಿ.

ಕಾಫಿ ನರ್ಸರಿ ಬ್ಯಾಗು ಇದಕ್ಕೆ ಸಾಲದು. ತಾಯಿಬೇರು ಬೇಗ ಇಳಿದು ತಳದಲ್ಲಿ ಸುತ್ತಿಕೊಳ್ಳುತ್ತೆ, ಅಂಥ ಗಿಡ ನೆಟ್ಟ ಮೇಲೂ ಗಾಳಿಗೆ ವಾಲುತ್ತೆ. 12 ಇಂಚು ಎತ್ತರದ ಬ್ಯಾಗೇ ತನ್ನಿ.

ಗಾಳಿಬೀಡು ಕಡೆಯಿಂದ: ಮಳೆಯ ವಿಷಯ. ಮಳೆ ಬಿದ್ದರೆ ಸಾಯುವ ಗಿಡವಲ್ಲ ಇದು, ಬುಡದಲ್ಲಿ ನೀರು ನಿಂತರೆ ಸಾಯುತ್ತೆ. ನಿಮ್ಮದು ಇಳಿಜಾರು, ಅರ್ಧ ಕೆಲಸ ಆದ ಹಾಗೆ. ಎರಡಡಿ ಗುಂಡಿ ತೆಗೆದು ಮೇಲ್ಮಣ್ಣು, ಎರಡು ಬುಟ್ಟಿ ಹಳೇ ಸಗಣಿ ಗೊಬ್ಬರ ತುಂಬಿ, ಸುತ್ತಲ ನೆಲಕ್ಕಿಂತ ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಮೇಲ್ಭಾಗದಲ್ಲಿ ಅರ್ಧಚಂದ್ರಾಕಾರದ ಚರಂಡಿ ಇರಲಿ. ನಮ್ಮ ಮಣ್ಣು ಹುಳಿ, ಹಾಗಾಗಿ ನೆಡುವ ಮೂರು ವಾರ ಮೊದಲೇ ಗುಂಡಿಗೆ ಅರ್ಧ ಕೆಜಿ ಡೋಲೊಮೈಟ್ ಬೆರೆಸಿಡಿ. ಸಿಲ್ವರ್ ಓಕ್ ನೆರಳಲ್ಲಿ ಹಾಕಿದರೆ ಎಲೆ ಬರುತ್ತೆ, ಹೂ ಬರಲ್ಲ. ಜೂನ್‌ನಲ್ಲಿ ನೆಡಬೇಡಿ, ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಗೆ ಎಳೆ ಬೇರು ಕೊಳೆಯುತ್ತೆ. ಸೆಪ್ಟೆಂಬರ್ ಕೊನೆಯೇ ಸರಿ.

ಕುಶಾಲನಗರದಿಂದ: ಸೆಪ್ಟೆಂಬರ್ ಮಡಿಕೇರಿಗೆ ಸರಿ. ನಮ್ಮ ಕಡೆ ಮಳೆ ಕಡಿಮೆ, ಜೂನ್‌ನಲ್ಲೇ ನೆಟ್ಟರೆ ಬೇಸಿಗೆಯೊಳಗೆ ಬೇರು ಹಿಡಿದಿರುತ್ತೆ.

ಮಳೆ ಜಾಸ್ತಿ ಇರುವಲ್ಲಿ ಎಲೆಚುಕ್ಕೆ ರೋಗ ಬಂದೇ ಬರುತ್ತೆ. ಮೇ ಕೊನೆಗೊಮ್ಮೆ, ಮಳೆ ಬಿಡುವು ಕೊಟ್ಟಾಗೊಮ್ಮೆ ಶೇ. 1ರ ಬೋರ್ಡೋ ಹೊಡೆಯಿರಿ. ಮನೆ ಮಟ್ಟಿಗೆ 100 ಗ್ರಾಂ ಮೈಲುತುತ್ತ 5 ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ: ಅಲಗಿಗೆ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು, ಆ ನೀರು ಎಲೆ ಸುಡುತ್ತೆ. ಅಂದೇ ಮಾಡಿ ಅಂದೇ ಮುಗಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದ. ಹಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ!

ವಿರಾಜಪೇಟೆಯಿಂದ: ಆಸೆ ಇಟ್ಟುಕೊಳ್ಳಬೇಡಿ ಅಂತ ಸುಮ್ಮನಿದ್ದಾರೆ. ನಾಣ್ಯದಷ್ಟು ಕಾಯಿ, ಕಪ್ಪಾಗಿ ಮೆತ್ತಗಾಗುವ ತನಕ ಬರೀ ಒಗರು, ಒಳಗೆ ಮರಳು ಮರಳು. ಬೀಜದ ಗಿಡ ಕಾಯಿ ಬಿಡಲು ಆರೇಳು ವರ್ಷವಾದರೂ ಬೇಕು. ಈ ಗಿಡದ ನಿಜವಾದ ಉಪಯೋಗ ಕಸಿಗೆ ಬೇರುಗಿಡವಾಗಿ, ಅಂದರೆ ಇದರ ಬುಡದ ಮೇಲೆ ಒಳ್ಳೆ ತಳಿಯ ಕಡ್ಡಿ ಕೂಡಿಸಲು. ಹಿಮಾಚಲದಲ್ಲಿ ಕೈಂಥ್ ಅಂತ ಇದನ್ನೇ ಬಳಸುತ್ತಾರೆ.

ಬುಡ ಪೆನ್ಸಿಲ್ ದಪ್ಪ ಆದ ಮೇಲೆ ಜನವರಿಯಲ್ಲಿ, ಮೂರ್ನಾಲ್ಕು ಕಣ್ಣಿರುವ ಕಡ್ಡಿಯಿಂದ ಕಸಿ ಕಟ್ಟಿ. ತಳಿ ಆರಿಸುವಾಗ ಎಚ್ಚರ: ಬಾರ್ಟ್ಲೆಟ್ ಥರದವಕ್ಕೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು, ಮಡಿಕೇರಿಯಲ್ಲಿ ಜನವರಿ ರಾತ್ರಿಯೂ ಅಷ್ಟು ಇಳಿಯುವುದು ಅಪರೂಪ. ನೀಲಗಿರಿ, ಕೊಡೈಕೆನಾಲ್ ಕಡೆಯ ಕೀಫರ್, ಇಲ್ಲವೇ ಪಂಜಾಬಿನ ಪತ್ಥರ್‌ನಾಖ್ ನೋಡಿ. ಅವಕ್ಕೂ ಡಿಸೆಂಬರ್‌ನಲ್ಲಿ ನೀರು ನಿಲ್ಲಿಸಿ, ಉಳಿದ ಎಲೆ ಕೈಯಲ್ಲೇ ಕಿತ್ತು, ನೆಟ್ಟಗೆ ಏರುವ ಕೊಂಬೆಯನ್ನು ಹಗ್ಗದಿಂದ ಓರೆಯಾಗಿ ಬಗ್ಗಿಸಿ ಕಟ್ಟಬೇಕಾಗಬಹುದು.

ಒಂದೇ ಮರ ಸಾಲದು, ಹೆಚ್ಚಿನ ತಳಿಗಳು ತಮ್ಮ ಪರಾಗಕ್ಕೆ ತಾವೇ ಕಾಯಿ ಕಟ್ಟಲ್ಲ. ಪಕ್ಕದಲ್ಲೊಂದು ಕಾಡು ಗಿಡವನ್ನು ಕಸಿ ಮಾಡದೆ ಬಿಡಿ, ಒಟ್ಟಿಗೆ ಹೂ ಬಿಟ್ಟರೆ ಪರಾಗಕ್ಕಾಗುತ್ತೆ. ಹೂಮಳೆ ಬಿದ್ದು ಕಾಫಿ ಅರಳಿದ ವಾರ ಜೇನು ಇತ್ತ ತಿರುಗಿಯೂ ನೋಡಲ್ಲ, ಪೇರ್ ಹೂವಿನ ಮಕರಂದ ಅಷ್ಟು ಸಿಹಿಯಲ್ಲ. ಆಗ ಬಣ್ಣದ ಕುಂಚದಿಂದ ಒಂದು ಮರದ ಪರಾಗ ಇನ್ನೊಂದಕ್ಕೆ ಮುಟ್ಟಿಸಿ.

ಸೋಮವಾರಪೇಟೆಯಿಂದ: ಇನ್ನೊಂದು. ಕಸಿಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಲಿ. ಅದರ ಕೆಳಗೆ ಮುಳ್ಳಿನ ಚಿಗುರು ಬಂದರೆ ಅದು ಕಾಡಿನದು, ಕಾಫಿಯ ಕಂಬಚಿಗುರು ತೆಗೆದ ಹಾಗೆ ಎಳೆಯದಾಗಿರುವಾಗಲೇ ಚಿವುಟಿ. ಬಿಟ್ಟರೆ ಎರಡೇ ವರ್ಷಕ್ಕೆ ಕಸಿಯನ್ನೇ ನುಂಗುತ್ತೆ.